ಬಣ್ಣದ ನೀರಿಗೆ ಬ್ಯಾಕ್ಟೀರಿಯಾ: ಬಾಟಲಿಯಿಂದ ಟ್ಯಾಂಕ್‌ವರೆಗೆ

ಮೊದಲ ಸಲ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಹಾಕಿ ನೋಡಿದಾಗ ನಾನು ಮೋಸ ಹೋಗಿದ್ದೆ. ಬಟ್ಟೆಗೆ ಬಣ್ಣ ಹಾಕಿದ ಮೇಲೆ ಹೊರಬರುವ, ಶಾಯಿಯ ಹಾಗೆ ಕಪ್ಪಗಿದ್ದ ಡೈಯಿಂಗ್ ನೀರು ಎರಡೇ ದಿನಕ್ಕೆ ತಿಳಿ ಚಹಾದ ಬಣ್ಣಕ್ಕೆ ಬಂತು. ಕೆಲಸ ಆಯ್ತು ಅಂತ ಬಾಟಲಿ ಹಿಡಿದುಕೊಂಡು ಎಲ್ಲರಿಗೂ ತೋರಿಸಿಕೊಂಡು ಓಡಾಡಿದೆ. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಮಾತ್ರ, "ಅಷ್ಟು ಚೆನ್ನಾಗಿದ್ರೆ ಅದ್ರಲ್ಲಿ ನಾಲ್ಕು ಕಾಳು ನೆನೆಸಿ ನೋಡಪ್ಪ" ಅಂದರು. ಹೆಸರುಕಾಳು ನೆನೆಸಿದೆ. ನಲ್ಲಿ ನೀರು ಹಾಕಿದ ತಟ್ಟೆಯಲ್ಲಿ ಮೂರನೇ ದಿನಕ್ಕೆ ಒಳ್ಳೆ ಮೊಳಕೆ. ನನ್ನ ತಿಳಿ ನೀರಿನ ತಟ್ಟೆಯಲ್ಲಿ ಕಾಳು ಉಬ್ಬಿತ್ತು, ಸಿಪ್ಪೆ ಬಿರಿದಿತ್ತು, ಅಷ್ಟೇ. ಮೊಳಕೆಯ ತುದಿ ಕಂದಾಗಿ ಅಲ್ಲೇ ನಿಂತುಬಿಟ್ಟಿತ್ತು.

ಬಣ್ಣ ಹೋಗುವುದು ಅರ್ಧ ಕೆಲಸ. ಈ ಬರಹದಲ್ಲಿ ಉಳಿದ ಅರ್ಧದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಜನ ಕೈಬಿಡುವುದು ಅದನ್ನೇ. ಸಣ್ಣ, ಮಧ್ಯಮ ಡೈಯಿಂಗ್ ಯೂನಿಟ್‌ನಲ್ಲಿ ಇಟಿಪಿ (ಕೊಳೆ ನೀರು ಶುದ್ಧ ಮಾಡುವ ಘಟಕ) ನೋಡಿಕೊಳ್ಳುವವರಿಗೆ, ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರಿಗೆ ಇದು ಉಪಯೋಗಕ್ಕೆ ಬರಬಹುದು.

ಗಾಳಿ ಇಲ್ಲದೆ ಒಮ್ಮೆ, ಗಾಳಿ ಕೊಟ್ಟು ಒಮ್ಮೆ

ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣಗಳಲ್ಲಿ ಬಹುಪಾಲು ಅಜೋ ಜಾತಿಯವು. ಎರಡು ನೈಟ್ರೋಜನ್ ಪರಮಾಣುಗಳು ಬಿಗಿಯಾಗಿ ಹಿಡಿದುಕೊಂಡಿರುವ ಒಂದು ಗಂಟು ಅವುಗಳಲ್ಲಿ ಇರುತ್ತದೆ. ಬಣ್ಣ ಬಣ್ಣವಾಗಿ ಕಾಣುವುದಕ್ಕೆ ಆ ಗಂಟೇ ಮುಖ್ಯ ಕಾರಣ. ಬ್ಯಾಕ್ಟೀರಿಯಾ ಆಹಾರ ತಿಂದಾಗ ಹೊರಬರುವ ಎಲೆಕ್ಟ್ರಾನ್‌ಗಳನ್ನು ಎಲ್ಲಾದರೂ ಇಳಿಸಲೇಬೇಕು. ನೀರಿನಲ್ಲಿ ಆಮ್ಲಜನಕ ಇದ್ದರೆ ಅದರ ಮೇಲೆ ಇಳಿಸುತ್ತವೆ. ಇಲ್ಲದಿದ್ದರೆ ಈ ಗಂಟಿನ ಮೇಲೆ. ಗಂಟು ಬಿಚ್ಚಿಕೊಳ್ಳುತ್ತದೆ, ಬಣ್ಣ ಮಾಯ. ಅದಕ್ಕೇ ಮೊದಲ ಹಂತದಲ್ಲಿ ಗಾಳಿ ಆಡಬಾರದು.

ಆದರೆ ಗಂಟು ಬಿಚ್ಚಿದ ಮೇಲೆ ಉಳಿಯುವ ತುಂಡುಗಳು ಏನು? ಆರೊಮ್ಯಾಟಿಕ್ ಅಮೀನ್‌ಗಳು. ಕಣ್ಣಿಗೆ ಕಾಣುವುದಿಲ್ಲ, ಕೆಲವಂತೂ ಮೂಲ ಬಣ್ಣಕ್ಕಿಂತ ಕೆಟ್ಟವು. ಅಂಥ ಒಂದು ಅಮೀನ್ ಬೆಂಜಿಡಿನ್, ಕ್ಯಾನ್ಸರ್ ತರುವಂಥದ್ದು. ಇಂಥ ಅಮೀನ್ ಬಿಡುತ್ತವೆ ಅನ್ನುವ ಕಾರಣಕ್ಕೇ ನಮ್ಮ ದೇಶದಲ್ಲಿ 1993ರಲ್ಲಿ 42 ಬೆಂಜಿಡಿನ್ ಬಣ್ಣಗಳನ್ನು, 1997ರಲ್ಲಿ ಇನ್ನೂ 70 ಅಜೋ ಬಣ್ಣಗಳನ್ನು ನಿಷೇಧಿಸಿದರು. ಈಗ ಸಿಗುವ ಬಣ್ಣಗಳು ಅಷ್ಟು ಕೆಟ್ಟವಲ್ಲ, ಆದರೂ ಅಮೀನ್ ಅಮೀನೇ. ಗಾಳಿಯಿಲ್ಲದ ಟ್ಯಾಂಕಿನಲ್ಲಿ ಅವು ಬಹುಮಟ್ಟಿಗೆ ಹಾಗೇ ಉಳಿಯುತ್ತವೆ. ಅವನ್ನು ಒಡೆಯುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು. ನನ್ನ ಬಾಟಲಿಯ ನೀರು ಎರಡನೇ ಹಂತ ನೋಡಿರಲೇ ಇಲ್ಲ.

ಮೊದಲು ನಿಮ್ಮ ನೀರು ಎಲ್ಲಿಂದ ಬರುತ್ತಿದೆ ನೋಡಿ

ಒಂದು ದಿನ ಪೂರ್ತಿ ಯೂನಿಟ್‌ನಲ್ಲಿ ನಿಂತು, ಯಾವ ಮೆಷಿನ್ನಿಂದ ಯಾವಾಗ ಎಷ್ಟು ನೀರು ಬಿಟ್ಟರು ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಜೊತೆಗೆ ಪಿಎಚ್ ಪೇಪರ್ ಅದ್ದಿ ನೋಡಿ. ಇದು ಬೇಜಾರಿನ ಕೆಲಸ, ಆದರೆ ಮುಂದೆ ಆಗುವ ಮುಕ್ಕಾಲು ತೊಂದರೆಗೆ ಉತ್ತರ ಈ ನೋಟ್‌ಬುಕ್ಕಿನಲ್ಲೇ ಇರುತ್ತದೆ.

ಗಂಜಿ ತೆಗೆದ ನೀರು ಬ್ಯಾಕ್ಟೀರಿಯಾಗೆ ಊಟ. ಅದನ್ನು ಬಿಸಾಡಬೇಡಿ, ಬಣ್ಣದ ನೀರಿಗೆ ಸೇರಿಸಿ. ರೇಷ್ಮೆ ನೂಲಿನ ಅಂಟು ತೆಗೆಯುವ ಯೂನಿಟ್ ಆದರೆ ಇನ್ನೂ ಒಳ್ಳೆಯದು. ಹಸಿ ರೇಷ್ಮೆಯ ತೂಕದಲ್ಲಿ ಕಾಲು ಭಾಗದಷ್ಟು ಸೆರಿಸಿನ್ ಅನ್ನುವ ಅಂಟು ಆ ಸೋಪಿನ ನೀರಿಗೆ ಬಂದಿರುತ್ತದೆ, ಅದು ಪ್ರೋಟೀನ್, ಅಂದರೆ ನೈಟ್ರೋಜನ್ ಪುಕ್ಕಟೆ. ನೊರೆ ಬರುತ್ತದೆ, ಸ್ವಲ್ಪ ಸ್ವಲ್ಪವೇ ಬಿಡಿ.

ಬಟ್ಟೆ ಅದ್ದಿ ಬಣ್ಣ ಹಾಕಿದ ಮೊದಲ ಬಾತ್‌ನಲ್ಲಿ ಉಪ್ಪು ವಿಪರೀತ. ರಿಯಾಕ್ಟಿವ್ ಬಣ್ಣ ಹತ್ತಿಗೆ ಹಿಡಿಯಲು ಲೀಟರಿಗೆ 40ರಿಂದ 100 ಗ್ರಾಂವರೆಗೂ ಉಪ್ಪು ಅಥವಾ ಗ್ಲಾಬರ್ ಸಾಲ್ಟ್ (ಸೋಡಿಯಂ ಸಲ್ಫೇಟ್) ಹಾಕುತ್ತಾರೆ. ಸಾಧ್ಯವಾದರೆ ಈ ಬಾತ್‌ನ ನೀರಿಗೆ ಬೇರೆ ಪೈಪು, ಬೇರೆ ತೊಟ್ಟಿ ಮಾಡಿ. ತೊಳೆದ ನೀರನ್ನು ಮಾತ್ರ ಬ್ಯಾಕ್ಟೀರಿಯಾಗೆ ಕೊಡಿ.

ಬ್ಲೀಚಿಂಗ್ ನೀರು ಶತ್ರು. ಅದರಲ್ಲಿರುವ ಹೈಪೋಕ್ಲೋರೈಟ್ ಬ್ಯಾಕ್ಟೀರಿಯಾ ಕೊಲ್ಲುವುದಕ್ಕೆಂದೇ ಇರುವ ವಸ್ತು ಅಲ್ವಾ? ಒಂದು ಭಾನುವಾರ ರಾತ್ರಿ ನಮ್ಮಲ್ಲಿ ಬ್ಲೀಚ್ ತೊಟ್ಟಿ ಖಾಲಿ ಮಾಡಿ, ಯಾರಿಗೂ ಹೇಳದೆ ಸೀದಾ ಟ್ಯಾಂಕಿಗೆ ಬಿಟ್ಟಿದ್ದರು. ಸೋಮವಾರ ಬೆಳಗ್ಗೆ ಗಾಳಿ ಊದುವ ಏರೇಷನ್ ಟ್ಯಾಂಕ್ ಮೇಲೆ ಬೂದು ಬಣ್ಣದ ಕೆನೆ, ಕೆಳಗೆ ಮಂಕು ನೀರು. ಆರು ವಾರ ಸಾಕಿದ ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಒಂದು ರಾತ್ರಿಗೆ ಹೋಯ್ತು. ಆಮೇಲಿಂದ ಆ ವಾಲ್ವಿಗೆ ಬೀಗ ಹಾಕಿದೆವು. ಪೊಟ್ಯಾಶಿಯಂ ಅಯೋಡೈಡ್ ಹಾಕಿದ ಸ್ಟಾರ್ಚ್ ಪೇಪರ್ ಸಿಗುತ್ತದೆ, ನೀರಿಗೆ ಅದ್ದಿದಾಗ ನೀಲಿಯಾದರೆ ಕ್ಲೋರಿನ್ ಅಥವಾ ಪೆರಾಕ್ಸೈಡ್ ಇನ್ನೂ ಉಳಿದಿದೆ ಅಂತ ಅರ್ಥ. ಕ್ಲೋರಿನ್ ತೆಗೆಯಲು ಸೋಡಿಯಂ ಥಯೋಸಲ್ಫೇಟ್ ಹಾಕಿ. ಒಂದು ಎಚ್ಚರಿಕೆ: ಥಯೋಸಲ್ಫೇಟ್‌ಗೂ "ಹೈಪೋ" ಅನ್ನುತ್ತಾರೆ, ಬ್ಲೀಚಿಗೂ "ಹೈಪೋ" ಅನ್ನುತ್ತಾರೆ. ಬಾಯಿಮಾತು ನಂಬಬೇಡಿ, ಡಬ್ಬಿ ಓದಿ.

ಬ್ಯಾಕ್ಟೀರಿಯಾಗೆ ಕೊಡುವ ನೀರೆಲ್ಲ ಸೇರಿ ಒಂದೇ ಸಮ ಆಗುವ ತೊಟ್ಟಿ, ನಾವು ಈಕ್ವಲೈಸೇಷನ್ ಟ್ಯಾಂಕ್ ಅನ್ನುವುದು, ಕನಿಷ್ಠ ಒಂದು ದಿನದ ನೀರು ಹಿಡಿಯುವಷ್ಟು ಇರಲಿ. ಬ್ಯಾಕ್ಟೀರಿಯಾ ಉಪ್ಪಿಗೂ ಹೊಂದಿಕೊಳ್ಳುತ್ತವೆ, ಸ್ವಲ್ಪ ಕ್ಷಾರಕ್ಕೂ ಹೊಂದಿಕೊಳ್ಳುತ್ತವೆ, ಆದರೆ ಬೆಳಗ್ಗೆ ಒಂದು ಸಂಜೆ ಒಂದು ಅಂದರೆ ತಡೆದುಕೊಳ್ಳುವುದಿಲ್ಲ.

ಡೈಯಿಂಗ್ ನೀರಿನ ಪಿಎಚ್ ಸಾಮಾನ್ಯವಾಗಿ 9ರಿಂದ 12. ಅದನ್ನು 7ರಿಂದ 8ಕ್ಕೆ ಇಳಿಸಬೇಕು. ಇಲ್ಲಿ ಕ್ರಮ ತಪ್ಪಬೇಡಿ. ಮೊದಲು ಕ್ಲೋರಿನ್ ತೆಗೆಯಿರಿ, ಆಮೇಲೆ ಆಸಿಡ್. ಬ್ಲೀಚ್ ಇರುವ ನೀರಿಗೆ ಆಸಿಡ್ ಸುರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಸಲ್ಫರ್ ಬ್ಲಾಕ್ ಅನ್ನುವ ಕಪ್ಪು ಬಣ್ಣ ಹಾಕಿದ ನೀರಿಗೆ ಆಸಿಡ್ ಸುರಿದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ, ಅದೂ ಪ್ರಾಣಕ್ಕೆ ಅಪಾಯ. ಯಾವ ಆಸಿಡ್ ಅಂತ ಕೇಳಿದರೆ, ಅಗ್ಗ ಅಂತ ಸಲ್ಫ್ಯೂರಿಕ್ ಹಾಕುವ ಅಭ್ಯಾಸ ಇದೆ, ನನಗೆ ಹಿಡಿಸುವುದಿಲ್ಲ. ಅದರ ಸಲ್ಫೇಟ್ ಮುಂದಿನ ಟ್ಯಾಂಕಿನಲ್ಲಿ ಅದೇ ವಿಷದ ಗ್ಯಾಸ್ ಆಗುತ್ತದೆ. ಹೈಡ್ರೋಕ್ಲೋರಿಕ್ ವಾಸಿ. ನೀರು ಬಿಸಿಯಿದ್ದರೆ ಆರಲು ಬಿಡಿ. 30ರಿಂದ 37 ಡಿಗ್ರಿ ಬ್ಯಾಕ್ಟೀರಿಯಾಗೆ ಹಿತ.

ಹೆಪ್ಪು ಮಾಡಿಕೊಳ್ಳುವುದು

ಮೊಸರಿಗೆ ಹೆಪ್ಪು ಹಾಕುವ ಹಾಗೆಯೇ ಇದು. ಒಳ್ಳೆ ಹೆಪ್ಪು ಸಿಕ್ಕರೆ ಅರ್ಧ ಗೆದ್ದ ಹಾಗೆ. ಮಾರುಕಟ್ಟೆಯಲ್ಲಿ ಬ್ಯಾಕ್ಟೀರಿಯಾ ಪುಡಿ ಪ್ಯಾಕೆಟ್‌ಗಳು ಸಿಗುತ್ತವೆ. ಕೊಳ್ಳಬೇಡಿ ಅನ್ನುವುದಿಲ್ಲ, ಆದರೆ ಬಹಳಷ್ಟು ಮನೆ ಚರಂಡಿ ನೀರಿಗೆ ಮಾಡಿದವು. ಮಾರುವವರಿಗೆ "ನಮ್ಮ ನೀರಲ್ಲೇ ಮಾಡಿ ತೋರಿಸಿ" ಅನ್ನಿ. ಕೆಳಗೆ ಹೇಳುವ ನಾಲ್ಕು ಬಾಟಲಿ ಪರೀಕ್ಷೆಗೆ ಒಪ್ಪದವರ ಹತ್ತಿರ ತಗೊಳ್ಳಬೇಡಿ.

ವರ್ಷಗಟ್ಟಲೆ ಬಣ್ಣದ ನೀರು ಹರಿದ ಕಾಲುವೆಯ ತಳದಲ್ಲಿ ಬ್ಯಾಕ್ಟೀರಿಯಾ ಈಗಾಗಲೇ ಆ ಬಣ್ಣಕ್ಕೆ ಪಳಗಿರುತ್ತವೆ. ಸೂಡೊಮೊನಾಸ್, ಬ್ಯಾಸಿಲಸ್, ಏರೋಮೊನಾಸ್, ಶೆವನೆಲ್ಲ ಇಂಥ ಗುಂಪುಗಳೆಲ್ಲ ಅಲ್ಲಿ ಸಿಗುತ್ತವೆ. ಲ್ಯಾಬಿನಲ್ಲಿ ಒಂದೊಂದನ್ನೇ ಬಿಡಿಸಿ ಹೆಸರಿಡುತ್ತಾರೆ. ನಮಗೆ ಅದು ಬೇಕಿಲ್ಲ, ಗುಂಪೇ ಗಟ್ಟಿ. ಗ್ಲೌಸ್ ಹಾಕಿಕೊಂಡು, ತೆರೆದ ಕಾಲುವೆಯಿಂದ, ಮೇಲಿನ ಪದರ ಸರಿಸಿ ಕೆಳಗಿನ ಕಪ್ಪು ಕೆಸರು ಒಂದು ಲೀಟರ್ ತನ್ನಿ. ಮುಚ್ಚಿದ ಮ್ಯಾನ್‌ಹೋಲ್ ಹತ್ತಿರ ಹೋಗಲೇಬೇಡಿ. ಜೊತೆಗೆ ಗೋಬರ್ ಗ್ಯಾಸ್ ಬಗ್ಗಡ ಒಂದು ಲೀಟರ್, ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಅದರಲ್ಲಿ ತುಂಬಿರುತ್ತವೆ. ಎರಡನ್ನೂ ಕಲಸಿ, ಕಲ್ಲು ಕಡ್ಡಿ ಹೋಗುವ ಹಾಗೆ ಹಳೇ ಪಂಚೆಯಲ್ಲಿ ಸೋಸಿ, 10 ಲೀಟರ್ ಕ್ಯಾನಿಗೆ ಹಾಕಿ.

ಈಗ ಪಳಗಿಸುವ ಕೆಲಸ. ಒಂದು ಪಾಲು ಬಣ್ಣದ ನೀರಿಗೆ ಒಂಬತ್ತು ಪಾಲು ನಲ್ಲಿ ನೀರು, ಒಂದು ದಿನ ಬಾಯಿ ತೆರೆದಿಟ್ಟು ಕ್ಲೋರಿನ್ ಹೋದದ್ದು, ಸೇರಿಸಿ ಕ್ಯಾನ್ ತುಂಬಿಸಿ. ಲೀಟರಿಗೆ ಒಂದು ಗ್ರಾಂ ಬೆಲ್ಲ ಕರಗಿಸಿ ಹಾಕಿ. ಮುಚ್ಚಳ ಸಡಿಲ ಇರಲಿ. ಬಣ್ಣ ಹೋದ ಮೇಲೆ ಕೆಸರು ಕೂರಲು ಬಿಟ್ಟು, ಮೇಲಿನ ನೀರು ತೆಗೆದು, ಬಣ್ಣದ ನೀರಿನ ಪಾಲು ಏರಿಸಿ ಮತ್ತೆ ತುಂಬಿಸಿ. ಹತ್ತರಿಂದ ಇಪ್ಪತ್ತೈದು, ಆಮೇಲೆ ಐವತ್ತು, ಎಪ್ಪತ್ತೈದು, ನೂರು ಪರ್ಸೆಂಟ್. ಬಣ್ಣ ಹೋಗುವುದು ನಿಧಾನವಾದರೆ ಹಿಂದಿನ ಮೆಟ್ಟಿಲಿಗೇ ಇಳಿಯಿರಿ. ನಾಲ್ಕರಿಂದ ಆರು ವಾರ ಹಿಡಿಯಬಹುದು. ಚಳಿಗಾಲದಲ್ಲಿ ಇನ್ನೂ ಜಾಸ್ತಿ.

ನಾಲ್ಕು ಬಾಟಲಿ

ಈ ಪರೀಕ್ಷೆ ಇಲ್ಲದೆ ಒಂದು ರೂಪಾಯಿಯನ್ನೂ ಟ್ಯಾಂಕಿಗೆ ಹಾಕಬೇಡಿ. ಒಂದು ಲೀಟರಿನ ನಾಲ್ಕು ಬಾಟಲಿ ತಗೊಳ್ಳಿ, ನಾಲ್ಕಕ್ಕೂ ಒಂದೇ ಬಣ್ಣದ ನೀರು. ಮೊದಲನೆಯದಕ್ಕೆ ಏನೂ ಹಾಕಬೇಡಿ. ಎರಡನೆಯದಕ್ಕೆ ಬರೀ ಬೆಲ್ಲ. ಮೂರನೆಯದಕ್ಕೆ ಬೆಲ್ಲ ಮತ್ತು 200 ಮಿಲಿಲೀಟರ್ ಹೆಪ್ಪು. ನಾಲ್ಕನೆಯದಕ್ಕೆ ಬೆಲ್ಲ ಮತ್ತು ಅಷ್ಟೇ ಹೆಪ್ಪು, ಆದರೆ ಅರ್ಧ ಗಂಟೆ ಕುದಿಸಿ ಆರಿಸಿದ್ದು. ಹೆಪ್ಪು ಹಾಕದ ಎರಡು ಬಾಟಲಿಗೆ ಅಷ್ಟೇ ನೀರು ಬೆರೆಸಿ, ಇಲ್ಲದಿದ್ದರೆ ಬಣ್ಣ ತೆಳುವಾದದ್ದನ್ನೇ ಗೆಲುವು ಅಂದುಕೊಳ್ಳುತ್ತೀರಿ. ಕತ್ತಿನವರೆಗೂ ತುಂಬಿಸಿ, ಒಳಗೆ ಗಾಳಿ ಉಳಿಯಬಾರದು. ಮುಚ್ಚಳ ಬಿಗಿ ಮಾಡಬೇಡಿ, ಗ್ಯಾಸ್ ಕಟ್ಟಿ ಬಾಟಲಿ ಒಡೆಯಬಹುದು.

ನಾಲ್ಕನೇ ಬಾಟಲಿಯೇ ಇಲ್ಲಿ ಪಂಚಾಯ್ತಿ ಮಾಡುವುದು. ಸತ್ತ ಕೆಸರಿಗೂ ಬಣ್ಣ ಅಂಟಿಕೊಳ್ಳುತ್ತದೆ, ನೀರು ತಿಳಿಯಾಗುತ್ತದೆ. ಮೂರು ಮತ್ತು ನಾಲ್ಕು ಎರಡೂ ಒಂದೇ ರೀತಿ ತಿಳಿಯಾದರೆ ನಿಮ್ಮ ಬ್ಯಾಕ್ಟೀರಿಯಾ ಏನೂ ಮಾಡಿಲ್ಲ, ಬಣ್ಣ ಕೆಸರಿಗೆ ವರ್ಗವಾಗಿದೆ ಅಷ್ಟೇ. ಕೆಸರು ತುಂಬಿದ ಮೇಲೆ ಅದು ನಿಲ್ಲುತ್ತದೆ. ಮೂರನೆಯದು ಮಾತ್ರ ತಿಳಿಯಾಗಿ, ಅದರ ತಳದ ಕೆಸರು ಬಣ್ಣ ಹೀರಿದ ಹಾಗೆ ಕಾಣದಿದ್ದರೆ ಆಗ ಖುಷಿಪಡಿ. ದಿನಕ್ಕೆ ಎರಡು ಸಲ, ಒಂದೇ ಜಾಗದಲ್ಲಿ, ಬಿಳಿ ಹಾಳೆ ಹಿಂದಿಟ್ಟು ಫೋಟೋ ತೆಗೆಯಿರಿ. ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಇದ್ದವರು 436, 525, 620 ನ್ಯಾನೋಮೀಟರ್ ಮೂರರಲ್ಲೂ ಅಳೆಯಿರಿ, ಕೆಂಪು ನೀಲಿ ಬೆರೆತ ನೀರಿಗೆ ಒಂದೇ ಅಳತೆ ಸಾಲದು.

ಮೂರನೇ ಬಾಟಲಿಯ ನೀರನ್ನು ಅಗಲ ಬಾಯಿಯ ಪಾತ್ರೆಗೆ ಸುರಿದು, ಇನ್ನೊಂದು ಹೆಪ್ಪು ಹಾಕಿ. ಇದು ಕೊಳಚೆ ನೀರು ಶುದ್ಧೀಕರಣ ಘಟಕದ ಏರೇಷನ್ ಟ್ಯಾಂಕಿನ ಕಂದು ಸ್ಲಡ್ಜ್. ಅಕ್ವೇರಿಯಂ ಪಂಪ್‌ನಿಂದ ಎರಡು ಮೂರು ದಿನ ಗಾಳಿ ಕೊಡಿ. ಮೊದಲ ಗಂಟೆಗಳಲ್ಲೇ ನೀರು ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಕೆಲವು ಅಮೀನ್‌ಗಳು ಗಾಳಿ ತಾಕಿದೊಡನೆ ಹಾಗೆ ಆಗುತ್ತವೆ. ಅದು ಹಾಗೇ ಉಳಿದರೆ ಮಾತ್ರ ಯೋಚನೆ ಮಾಡಬೇಕು.

ಈಗ ಹೆಸರುಕಾಳು. ಐದು ತಟ್ಟೆ: ನಲ್ಲಿ ನೀರು, ಹಸಿ ಬಣ್ಣದ ನೀರು, ಮೊದಲ ಹಂತ ಮುಗಿದದ್ದು, ಎರಡೂ ಹಂತ ಮುಗಿದದ್ದು, ಮತ್ತು ಬಣ್ಣದ ನೀರಿನಷ್ಟೇ ಟಿಡಿಎಸ್ (ಕರಗಿದ ಉಪ್ಪಿನ ಅಳತೆ) ಬರುವ ಹಾಗೆ ಉಪ್ಪು ಕಲಸಿದ ನಲ್ಲಿ ನೀರು. ಐದನೆಯದು ಯಾಕೆಂದರೆ ಕಾಳು ಉಪ್ಪಿಗೂ ಮೊಳೆಯುವುದಿಲ್ಲ, ಆ ತಪ್ಪನ್ನು ಬಣ್ಣದ ಮೇಲೆ ಹೊರಿಸಬಾರದು. ತಟ್ಟೆಗೆ 20 ಕಾಳು, ಒದ್ದೆ ಬಟ್ಟೆ, ಮೂರು ದಿನ. ಎಷ್ಟು ಮೊಳೆತವು, ಬೇರು ಎಷ್ಟುದ್ದ, ಸ್ಕೇಲ್ ಇಟ್ಟು ಬರೆಯಿರಿ. ಲ್ಯಾಬ್ ರಿಪೋರ್ಟಿಗೆ ಇದು ಬದಲಿ ಅಲ್ಲ. ಆದರೆ ಮಾಲೀಕರಿಗೆ ಐದು ತಟ್ಟೆ ತೋರಿಸಿದರೆ ಅರ್ಥವಾಗುವಷ್ಟು ಬೇಗ ಸಿಒಡಿ (ನೀರಿನಲ್ಲಿರುವ ಕೊಳೆಯ ಅಳತೆ) ಅಂಕಿ ಅರ್ಥವಾಗುವುದಿಲ್ಲ. ಆ ಕಾಳನ್ನು ಯಾರೂ ತಿನ್ನದ ಹಾಗೆ ನೋಡಿಕೊಳ್ಳಿ, ಕೋಳಿಗೂ ಹಾಕಬೇಡಿ.

ಎರಡು ಡ್ರಮ್

ಬಾಟಲಿ ಗೆದ್ದರೆ 200 ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್. ಮೊದಲನೆಯದು ಮುಚ್ಚಿದ್ದು, ಗ್ಯಾಸ್ ಹೋಗಲು ಮೇಲೆ ಒಂದು ಸಣ್ಣ ಪೈಪು, ಬಯಲಿನಲ್ಲಿ ಇಡಿ. ಅದರಲ್ಲಿ ಒಟ್ಟು 150 ಲೀಟರ್, ಅದರಲ್ಲಿ 30 ಲೀಟರ್, ಇನ್ನಷ್ಟು ಕ್ಯಾನುಗಳಲ್ಲಿ ಹಾಗೇ ಬೆಳೆಸಿಕೊಂಡ ಹೆಪ್ಪು. ದಿನಾ ಒಂದು ಗಂಟೆ ಕೂರಲು ಬಿಟ್ಟು, ಮೇಲಿನ 50 ಲೀಟರ್ ತೆಗೆದು ಎರಡನೇ ಡ್ರಮ್ಮಿಗೆ ಹಾಕಿ, 50 ಲೀಟರ್ ಹೊಸ ನೀರು ತುಂಬಿಸಿ. ಅಲ್ಲಿಗೆ ನೀರು ಸರಾಸರಿ ಮೂರು ದಿನ ಒಳಗಿರುತ್ತದೆ. ಎರಡು ವಾರ ಚೆನ್ನಾಗಿ ನಡೆದರೆ 75 ಲೀಟರಿಗೆ ಏರಿಸಿ. ಎಲ್ಲಿ ಕೆಡುತ್ತದೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಮ್ಮ ಟ್ಯಾಂಕಿನ ಅಳತೆ.

ಗಂಜಿ ನೀರು ಇಲ್ಲದಿದ್ದರೆ ಪ್ರತಿ 50 ಲೀಟರಿಗೆ 50 ಗ್ರಾಂ ಬೆಲ್ಲ, 2 ಗ್ರಾಂ ಯೂರಿಯಾ, 1 ಗ್ರಾಂ ಡಿಎಪಿ. ಜಾಸ್ತಿ ಬೆಲ್ಲ ಹಾಕಿದರೆ ಬೇಗ ಆಗುತ್ತದೆ ಅಂದುಕೊಳ್ಳಬೇಡಿ, ಹುಳಿ ಬಂದು ಪಿಎಚ್ 6ರ ಕೆಳಗೆ ಬೀಳುತ್ತದೆ. ಬಿದ್ದರೆ ಬೆಲ್ಲ ನಿಲ್ಲಿಸಿ, ಸ್ವಲ್ಪ ಅಡುಗೆ ಸೋಡಾ ಹಾಕಿ. ಎರಡನೇ ಡ್ರಮ್ಮಿಗೆ ಇಪ್ಪತ್ನಾಲ್ಕು ಗಂಟೆ ಗಾಳಿ. ಕರೆಂಟ್ ಹೋಗುವ ಊರಾದರೆ ಇನ್ವರ್ಟರ್‌ಗೆ ಸೇರಿಸಿ.

ಈ ಪ್ರಯೋಗದ ನೀರನ್ನು ಮೋರಿಗೆ ಸುರಿಯಬೇಡಿ. ಇರುವ ಇಟಿಪಿಯ ಮೊದಲ ತೊಟ್ಟಿಗೇ ವಾಪಸ್ ಹಾಕಿ.

ಟ್ಯಾಂಕಿಗೆ ಬಂದಾಗ

ಸಿವಿಲ್ ಕೆಲಸ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಇವಕ್ಕೆಲ್ಲ ಕನ್ಸಲ್ಟೆಂಟ್ ಇರುತ್ತಾರೆ, ನಾನು ಅದಕ್ಕೆ ಹೋಗುವುದಿಲ್ಲ. ದಿನದ ಕೆಲಸ ಹೇಳುತ್ತೇನೆ.

ಗಾಳಿಯಿಲ್ಲದ ಟ್ಯಾಂಕನ್ನು ನಿಧಾನವಾಗಿ ಕಲಕುವ ಮಿಕ್ಸರ್ ಸಾಕು, ಮೇಲಿಂದ ನೀರು ಧುಮುಕಿ ಬೀಳುವ ಹಾಗೆ ಪೈಪು ಇಡಬೇಡಿ, ಆ ಧುಮುಕಾಟದಲ್ಲೇ ಗಾಳಿ ಸೇರಿಬಿಡುತ್ತದೆ. ಒಆರ್‌ಪಿ ಮೀಟರ್ (ನೀರಿನಲ್ಲಿ ಎಲೆಕ್ಟ್ರಾನ್ ಇಳಿಸುವ ಜಾಗ ಎಷ್ಟಿದೆ ಅಂತ ತೋರಿಸುವುದು) ಮೈನಸ್ 200ರಿಂದ ಮೈನಸ್ 300 ಮಿಲಿವೋಲ್ಟ್ ತೋರಿಸುತ್ತಿದ್ದರೆ ಬಣ್ಣ ಒಡೆಯುವ ವಾತಾವರಣ ಇದೆ. ಸೊನ್ನೆಯ ಕಡೆಗೆ ಏರುತ್ತಿದ್ದರೆ ಎಲ್ಲೋ ಗಾಳಿ ಅಥವಾ ನೈಟ್ರೇಟ್ ಬರುತ್ತಿದೆ.

ಇದನ್ನು ನಿಧಾನವಾಗಿ ಓದಿ. ಗ್ಲಾಬರ್ ಸಾಲ್ಟ್ ಅಂದರೆ ಸಲ್ಫೇಟ್. ಗಾಳಿಯಿಲ್ಲದ ಕಡೆ ಕೆಲವು ಬ್ಯಾಕ್ಟೀರಿಯಾ ಅದನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ. ಗ್ಯಾಸ್ ಜಾಸ್ತಿಯಾದಾಗ ಮೂಗು ಸತ್ತುಹೋಗುತ್ತದೆ, ವಾಸನೆಯೇ ಬರುವುದಿಲ್ಲ. "ವಾಸನೆ ಹೋಯ್ತು, ಇಳಿಯೋಣ" ಅನ್ನುವ ಕ್ಷಣವೇ ಪ್ರಾಣ ಹೋಗುವ ಕ್ಷಣ. ಮಿಕ್ಸರ್ ಕೆಟ್ಟರೂ, ಪಂಪ್ ಕಟ್ಟಿದರೂ ಯಾರನ್ನೂ ಸುಮ್ನೆ ಒಳಗೆ ಇಳಿಸಬೇಡಿ. ಒಬ್ಬರು ಬಿದ್ದರೆ ಎತ್ತಲು ಇನ್ನೊಬ್ಬರು ಇಳಿಯುವುದೇ ಇಂಥ ಕಡೆ ಎರಡೆರಡು ಸಾವಿಗೆ ಕಾರಣ. ಟ್ಯಾಂಕ್ ಖಾಲಿ ಮಾಡಿ, ಗಾಳಿ ಆಡಿಸಿ, ಗ್ಯಾಸ್ ಮೀಟರ್ ಇಟ್ಟು, ತರಬೇತಿ ಇದ್ದವರೇ ಮಾಡಬೇಕು.

ಏರೇಷನ್ ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಸುತ್ತಮುತ್ತ ಇರಲಿ. ಗೊಬ್ಬರದ ಲೆಕ್ಕ ಸುಲಭ: ಬಿಒಡಿ (ಬ್ಯಾಕ್ಟೀರಿಯಾ ತಿನ್ನಬಲ್ಲ ಕೊಳೆಯ ಅಳತೆ) 100 ಇದ್ದರೆ ನೈಟ್ರೋಜನ್ 5, ರಂಜಕ 1. ಉದಾಹರಣೆಗೆ ದಿನಕ್ಕೆ 10,000 ಲೀಟರ್ ನೀರು, ಬಿಒಡಿ ಲೀಟರಿಗೆ 400 ಮಿಲಿಗ್ರಾಂ ಅಂದರೆ 4 ಕಿಲೋ ಬಿಒಡಿ. ಅದಕ್ಕೆ ಸುಮಾರು 200 ಗ್ರಾಂ ಡಿಎಪಿ, 350 ಗ್ರಾಂ ಯೂರಿಯಾ. ರಿಯಾಕ್ಟಿವ್ ಪ್ರಿಂಟಿಂಗ್ ಇದ್ದರೆ ಪೇಸ್ಟಿನಲ್ಲೇ ಯೂರಿಯಾ ಇರುತ್ತದೆ, ಬೇರೆ ಹಾಕುವ ಅಗತ್ಯ ಬರುವುದಿಲ್ಲ.

ದಿನಾ ಬೆಳಗ್ಗೆ ಒಂದು ಲೀಟರಿನ ಗಾಜಿನ ಸಿಲಿಂಡರಿಗೆ ಏರೇಷನ್ ಟ್ಯಾಂಕಿನ ನೀರು ತುಂಬಿ, ಅರ್ಧ ಗಂಟೆ ಅಲುಗಿಸದೆ ಇಡಿ. ಸ್ಲಡ್ಜ್ ಒಟ್ಟೊಟ್ಟಾಗಿ ಕೂತು 250ರಿಂದ 300 ಮಿಲಿಲೀಟರ್ ಗೆರೆಗೆ ನಿಂತು, ಮೇಲೆ ತಿಳಿ ನೀರು ಇದ್ದರೆ ನೆಮ್ಮದಿಯಾಗಿ ಕಾಫಿ ಕುಡಿಯಿರಿ. ಕೂರದೆ ಹತ್ತಿಯ ಹಾಗೆ ಉಬ್ಬಿಕೊಂಡಿದ್ದರೆ ಗೊಬ್ಬರ ಅಥವಾ ಗಾಳಿ ಕಡಿಮೆಯಾಗಿದೆ. ಮೇಲಿನ ನೀರೇ ಮಂಕಾಗಿದ್ದರೆ ವಿಷ ಬಿದ್ದಿದೆ, ರಾತ್ರಿ ಪಾಳಿಯವರನ್ನು ಕೇಳಿ. ವಾಸನೆಯೂ ಹೇಳುತ್ತದೆ. ಆರೋಗ್ಯವಾಗಿರುವ ಟ್ಯಾಂಕ್ ಮಳೆ ಬಿದ್ದ ಮಣ್ಣಿನ ಹಾಗೆ ಇರುತ್ತದೆ.

ಬ್ಯಾಕ್ಟೀರಿಯಾ ಮಾಡದ ಕೆಲಸಗಳು

ಟರ್ಕಾಯ್ಸ್ ನೀಲಿ ಮೊಂಡು. ಅದು ಅಜೋ ಅಲ್ಲ, ತಾಮ್ರ ಇರುವ ಥ್ಯಾಲೋಸಯನಿನ್. ಬಿಚ್ಚಲು ಗಂಟೇ ಇಲ್ಲ. ಆಂಥ್ರಾಕ್ವಿನೋನ್ ನೀಲಿಗಳೂ ಸುಲಭಕ್ಕೆ ಬಗ್ಗುವುದಿಲ್ಲ. ಈ ಬಣ್ಣ ಹಾಕಿದ ದಿನ ಆ ನೀರನ್ನು ಬೇರೆ ಹಿಡಿದು ಆಲಂ ಅಥವಾ ಫೆರಸ್ ಸಲ್ಫೇಟ್‌ನಲ್ಲಿ ಕೂರಿಸಿ, ಇಲ್ಲವೇ ಓಝೋನ್‌ಗೆ ಕೊಡಿ. ಮೆಟಲ್ ಕಾಂಪ್ಲೆಕ್ಸ್ ಬಣ್ಣಗಳ ಕ್ರೋಮಿಯಂ ಕೂಡ ಎಲ್ಲೂ ಹೋಗುವುದಿಲ್ಲ. ಸ್ಲಡ್ಜ್‌ನಲ್ಲಿ ಕೂರುತ್ತದೆ. ಆದ್ದರಿಂದ ಈ ಸ್ಲಡ್ಜನ್ನು ತೋಟಕ್ಕೆ ಗೊಬ್ಬರ ಅಂತ ಯಾರು ಕೇಳಿದರೂ ಕೊಡಬೇಡಿ. ಒಣಗಿಸಿ, ಮಂಡಳಿ ಒಪ್ಪಿದ ಅಪಾಯಕಾರಿ ತ್ಯಾಜ್ಯದ ಜಾಗಕ್ಕೇ ಹೋಗಬೇಕು.

ಉಪ್ಪಂತೂ ಹನಿಯಷ್ಟೂ ಕಮ್ಮಿಯಾಗುವುದಿಲ್ಲ. 2016ರ ಕೇಂದ್ರದ ನಿಯಮದ ಪ್ರಕಾರ ಹೊರಗೆ ಬಿಡುವ ನೀರಿನಲ್ಲಿ ಲೀಟರಿಗೆ ಬಿಒಡಿ 30, ಸಿಒಡಿ 250 ಮಿಲಿಗ್ರಾಂ, ಬಣ್ಣ 150 ಯೂನಿಟ್, ಟಿಡಿಎಸ್ 2100 ಮಿಲಿಗ್ರಾಂ ದಾಟಬಾರದು. ಮೊದಲ ಮೂರಕ್ಕೆ ಬ್ಯಾಕ್ಟೀರಿಯಾ ಸಹಾಯ ಮಾಡುತ್ತವೆ, ನಾಲ್ಕನೆಯದಕ್ಕೆ ಆರ್‌ಒ ಬೇಕೇ ಬೇಕು. ತಮಿಳುನಾಡಿನ ತಿರುಪ್ಪೂರಿನಲ್ಲಿ ಆದದ್ದು ಇದೇ. ರೈತರ ಹೊಲಕ್ಕೆ ಅಂತ ನೊಯ್ಯಲ್ ನದಿಗೆ ಕಟ್ಟಿದ ಒರತುಪಾಳಯಂ ಅಣೆಕಟ್ಟು ಬಣ್ಣದ ಉಪ್ಪುನೀರಿನ ಕೆರೆಯಾಯಿತು, ಆ ನೀರು ನಮಗೆ ಬೇಡವೇ ಬೇಡ ಅಂತ ರೈತರೇ ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ 700ಕ್ಕೂ ಹೆಚ್ಚು ಡೈಯಿಂಗ್, ಬ್ಲೀಚಿಂಗ್ ಯೂನಿಟ್ ಮುಚ್ಚಿಸಿತು. ಈಗ ಅಲ್ಲಿ ಒಂದು ಹನಿಯೂ ಹೊರಗೆ ಬಿಡುವ ಹಾಗಿಲ್ಲ, ನೀರನ್ನೂ ಉಪ್ಪನ್ನೂ ವಾಪಸ್ ತೆಗೆದು ಬಳಸುತ್ತಾರೆ. ಆರ್‌ಒಗೆ ಮುಂಚೆ ಬ್ಯಾಕ್ಟೀರಿಯಾ ಹಂತ ಸರಿಯಾಗಿದ್ದರೆ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುವುದಿಲ್ಲ. ದುಡ್ಡು ಉಳಿಯುವುದು ಅಲ್ಲಿ.

ಹಬ್ಬದ ರಜೆ

ಆಯುಧಪೂಜೆ, ದೀಪಾವಳಿಗೆ ಯೂನಿಟ್ ನಾಲ್ಕೈದು ದಿನ ಬಂದ್. ಮೆಷಿನ್‌ಗೆ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ಗಾಳಿ ಊದುವ ಬ್ಲೋವರ್ ಆಫ್ ಮಾಡಿ ಮನೆಗೆ ಹೋಗುತ್ತಾರೆ. ವಾಪಸ್ ಬರುವಷ್ಟರಲ್ಲಿ ಟ್ಯಾಂಕ್ ಕಪ್ಪಾಗಿ ನಾರುತ್ತಿರುತ್ತದೆ. ಮನೆಯಲ್ಲಿ ಹಸು ಇದ್ದರೆ ಹಾಗೆ ಬಿಟ್ಟು ಹೋಗುತ್ತೀರಾ? ರಜೆಗೆ ಮುಂಚೆ ಈಕ್ವಲೈಸೇಷನ್ ಟ್ಯಾಂಕ್ ತುಂಬಿಸಿಟ್ಟುಕೊಳ್ಳಿ, ದಿನಕ್ಕೆ ಎಂದಿನ ಕಾಲು ಭಾಗದಷ್ಟು ನೀರು ಬಿಡುವ ಹಾಗೆ ವಾಚ್‌ಮನ್‌ಗೆ ತೋರಿಸಿಕೊಡಿ. ಬ್ಲೋವರಿಗೆ ಟೈಮರ್ ಹಾಕಿ, ಒಂದು ಗಂಟೆ ಆನ್ ಒಂದು ಗಂಟೆ ಆಫ್ ಸಾಕು. ನೀರು ಸಾಲದಿದ್ದರೆ ಬೆಲ್ಲ ಕರಗಿಸಿ ಒಂದು ಬಕೆಟ್ ಇಡಿ. ರಜೆ ಮುಗಿದ ದಿನ ಒಂದೇ ಸಲ ಪೂರ್ತಿ ನೀರು ಬಿಡಬೇಡಿ. ಮೊದಲ ದಿನ ಅರ್ಧ, ಎರಡನೇ ದಿನ ಮುಕ್ಕಾಲು, ಸಿಲಿಂಡರಿನಲ್ಲಿ ಸ್ಲಡ್ಜ್ ಸರಿಯಾಗಿ ಕೂತರೆ ಮೂರನೇ ದಿನ ಪೂರ್ತಿ.